ಚಪ್ಪರದವನ ಫೋಟೋ

ಅಂಗಡಿಯ ಕಂಪ್ಯೂಟರು ಕಟಕಟ ಅನ್ನಲು ಶುರುಮಾಡಿದಾಗ ನಾನು ಮಾಡಿದ ಮೊದಲ ಕೆಲಸ ಫ್ಯಾನ್ ಜೋರು ಮಾಡಿದ್ದು. ಫ್ಯಾನಿನ ಸದ್ದಿನಲ್ಲಿ ಅದರ ಸದ್ದು ಮುಚ್ಚಿಹೋಯಿತು. ಸದ್ಯ, ಪೀಡೆ ತೊಲಗಿತು ಅಂದುಕೊಂಡೆ. ಹಳೇಬೀಡಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆಯಲ್ಲಿ ಜೆರಾಕ್ಸು, ಫೋಟೋ, ಟೈಪಿಂಗು ಅಂತ ಹದಿನೆಂಟು ವರ್ಷದಿಂದ ಕೂತಿರುವವಳಿಗೆ ಸದ್ದಿನ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣ ಎಲ್ಲಿ ಉಳಿದಿರುತ್ತದೆ? ಬಸ್ಸಿನ ಹಾರನ್ನು, ಕಂಡಕ್ಟರನ ಕೂಗು, ದೇವಸ್ಥಾನ ಯಾವ ಕಡೆ ಅಂತ ಹಿಂದಿಯಲ್ಲಿ ಕೇಳುವವರು, ಬಾತ್‌ರೂಮ್ ಯಾವ ಕಡೆ ಅಂತ ಕೈಸನ್ನೆಯಲ್ಲಿ ಕೇಳುವವರು. ಇಷ್ಟರ ಮಧ್ಯೆ ಇನ್ನೊಂದು ಕಟಕಟ.

ಆ ಸದ್ದು ಯಾರೋ ಬೆರಳಿನ ನೆಟಿಕೆ ಮುರಿದ ಹಾಗಿತ್ತು. ಮೂರು ಸಲ ಕಟ್ ಕಟ್ ಕಟ್, ಆಮೇಲೆ ಒಂದು ನಿಟ್ಟುಸಿರು, ಆಮೇಲೆ ಮತ್ತೆ ಕಟ್. ಆ ಹೊತ್ತಿನಲ್ಲಿ ಪರದೆಯ ಮೇಲೆ ಏನೂ ಅಲುಗಾಡುತ್ತಿರಲಿಲ್ಲ. ಡಬ್ಬದ ಪಕ್ಕಕ್ಕೆ ಅಂಗೈಯಲ್ಲಿ ಒಂದು ಬಿಟ್ಟರೆ ಮತ್ತೆ ನಡೆಯುತ್ತಿತ್ತು. ನಮ್ಮ ಮನೆಯವರು ಒಂದು ದಿನ ಕೇಳಿಸಿಕೊಂಡು, "ಇದನ್ನ ಯಾರಿಗಾದ್ರೂ ತೋರ್ಸೇ, ಹೋಗೋ ಹಾಗಿದೆ," ಅಂದರು. "ನನ್ನ ಮಂಡಿ ಅದಕ್ಕಿಂತ ಜೋರಾಗಿ ಸದ್ದು ಮಾಡುತ್ತೆ, ಅದನ್ನ ತೋರ್ಸಿದ್ರಾ ನೀವು?" ಅಂತ ಬಾಯಿ ಮುಚ್ಚಿಸಿದೆ. ಮಾತಿನಲ್ಲಿ ನಾನು ಯಾವತ್ತೂ ಸೋತವಳಲ್ಲ. ಸೋಲಬೇಕಾದ ಕಡೆ ಸೋತಿದ್ದರೆ ಚೆನ್ನಾಗಿತ್ತು.

ಯಾಕೆಂದರೆ ಆ ಡಬ್ಬದೊಳಗಿನ ಹಾರ್ಡ್ ಡಿಸ್ಕಿನಲ್ಲಿ ಅರ್ಧ ಊರಿತ್ತು. ಯಾರ ಮದುವೆ ಪತ್ರಿಕೆ, ಯಾರ ಮಗುವಿನ ನಾಮಕರಣ, ಯಾರ ತಿಥಿ ಕಾರ್ಡು, ಎಲ್ಲ. ತಾವು ಇಟ್ಟುಕೊಂಡ ಪ್ರತಿಯನ್ನು ಕಳೆದುಕೊಂಡು ಸೀದಾ ಬರುತ್ತಿದ್ದರು. "ನಿಮ್ ಕಂಪ್ಯೂಟರ್‌ನಾಗೆ ಐತಲ್ಲಕ್ಕ!" ಈ ಅಭ್ಯಾಸ ಹತ್ತಿಸಿದವಳೂ ನಾನೇ. "ಎಲ್ಲಿ ಹೋಗುತ್ತೆ, ನನ್ನ ಹತ್ರ ಇರುತ್ತೆ, ಯಾವಾಗ ಬೇಕಾದ್ರೂ ಬನ್ನಿ" ಅಂತ ಹೇಳಿ ಹೇಳಿ ದೊಡ್ಡಸ್ತಿಕೆ ತೋರಿಸಿದ್ದೆ. ಇನ್ನೊಂದು ಪ್ರತಿ ತೆಗೆದಿಡಬೇಕು ಅನ್ನುವುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ನಾಳೆ ಮಾಡಿದರಾಯಿತು ಅಂತ ವರ್ಷಗಳನ್ನೇ ತಳ್ಳಿದ್ದೆ.

ಬಸ್ತಿಹಳ್ಳಿ ಕಡೆಯ ಆ ಹೆಂಗಸು ಬಂದದ್ದು ಆಗಲೇ. ಆಕೆಯ ಗಂಡ ಮದುವೆ ಮುಂಜಿಗೆ ಚಪ್ಪರ ಹಾಕುವ ಕೆಲಸದವರು. ತೀರಿಕೊಂಡು ಎರಡು ವರ್ಷವಾಗಿತ್ತು. ಬದುಕಿದ್ದಾಗ ಕಾರ್ಮಿಕರ ಕಾರ್ಡಿಗೆಂದು ನನ್ನ ಅಂಗಡಿಯಲ್ಲೇ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಿದ್ದರು. ಸತ್ತ ಮೇಲೆ ಅದನ್ನೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟಿದ್ದೆ. ಕಾರ್ಡು ಕೈಗೆ ಬರುವ ಮೊದಲೇ ತೀರಿಕೊಂಡಿದ್ದರು; ಆ ಮನುಷ್ಯನದು ಮನೆಯಲ್ಲಿ ಇದ್ದದ್ದು ಅದೊಂದೇ ಫೋಟೋ. ಈ ಸಲದ ಮಳೆಗೆ ಗೋಡೆ ನೆನೆದು, ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಮುಖವೆಲ್ಲ ಗಾಜಿನ ಜೊತೆ ಕಿತ್ತು ಬಂತಂತೆ.

"ಮಾರ್ನಮಿ ಅಮಾಸೆಗೆ ಎಡೆ ಇಕ್ಬೇಕು ಕಣಕ್ಕ. ಫೋಟ ಇಲ್ದೆ ಯಾರ ಮುಂದೆ ಇಕ್ಲಿ? ಇನ್ನೊಂದು ತೆಗ್ದು ಕೊಡು," ಅಂದಳು. ನಮ್ಮ ಕಡೆ ಆ ಅಮಾವಾಸ್ಯೆಯ ದಿನ ಸತ್ತ ಹಿರಿಯರ ಫೋಟೋ ಸಾಲಾಗಿಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಗೆ ಬಡಿಸುತ್ತೇವೆ.

ಅವತ್ತು ಕಂಪ್ಯೂಟರು ಅಳುತ್ತಾ ಕೂತಿತ್ತು. "ಮುಂದಿನ ವಾರ ಬಾರಮ್ಮ, ಇನ್ನೂ ಟೈಮಿದೆ," ಅಂದೆ. ಮುಂದಿನ ವಾರ ಬಂದಳು. ಅಂಗಡಿಯ ತುಂಬ ಸ್ಕಾಲರ್‌ಶಿಪ್ ಅರ್ಜಿಯವರು. ಮತ್ತೆ ಮುಂದಿನ ವಾರ ಅಂದೆ. ಮೂರನೆಯ ಸಲ ಬಂದಾಗ ಕರೆಂಟಿರಲಿಲ್ಲ. ಮೂರು ಸಲವೂ ಅವಳು "ಆಯ್ತು ಬುಡಕ್ಕ, ಬತ್ತೀನಿ," ಅಂತ ಹೋದಳು. ಒಂದು ಸಲವಾದರೂ ಜಗಳ ಮಾಡಿದ್ದರೆ ನಾನು ಆಗಲೇ ತೆಗೆದುಕೊಡುತ್ತಿದ್ದೆ. ಬೈದವರ ಕೆಲಸ ನನ್ನ ಅಂಗಡಿಯಲ್ಲಿ ಬೇಗ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ಕಂಪ್ಯೂಟರು ಆನ್ ಆಗಲೇ ಇಲ್ಲ. ಬರೀ ಕಟ್ ಕಟ್ ಕಟ್. ಹೊಡೆದೆ, ಬೈದೆ, ಕಣ್ಣಿಗೊತ್ತಿಕೊಂಡು ಬೇಡಿಕೊಂಡೆ. ಹಾಳಾದ್ದು ಜಗ್ಗಲಿಲ್ಲ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಅರಸೀಕೆರೆ ಬಸ್ಸು ಹತ್ತಿದೆ. ಬಾಣಾವರ ದಾಟುವಷ್ಟರಲ್ಲಿ ಕಾಲು ಜೋಮು ಹಿಡಿದಿತ್ತು. ಪಕ್ಕದಲ್ಲಿ ಕೂತ ಅಜ್ಜಿ, "ಏನವ್ವ ಅದು, ಮಿಕ್ಸಿಯಾ?" ಅಂತ ಕೇಳಿತು. ಹೂಂ ಅಜ್ಜಿ, ಮಿಕ್ಸಿ ಅಂದೆ. ವಿವರಿಸುವ ಶಕ್ತಿ ಇರಲಿಲ್ಲ.

ಅರಸೀಕೆರೆಯ ರಿಪೇರಿಯವರು ನನ್ನ ವಯಸ್ಸಿನವರು, ಕಡಿಮೆ ಮಾತಿನ ಮನುಷ್ಯ. ಡಿಸ್ಕನ್ನು ಬಿಚ್ಚಿ ಹೊರತೆಗೆದು, ತಮ್ಮ ಕಂಪ್ಯೂಟರಿಗೆ ವೈರು ಸಿಕ್ಕಿಸಿ, ಕಿವಿ ಹತ್ತಿರ ಹಿಡಿದು ಆಲಿಸಿದರು. ಪರದೆಯ ಮೇಲೆ ನನ್ನ ಫೋಲ್ಡರುಗಳು ಒಂದೊಂದಾಗಿ ಕಾಣಿಸಿಕೊಂಡವು. ನನಗೆ ಹೋದ ಜೀವ ಬಂದ ಹಾಗಾಯಿತು.

"ಮೇಡಮ್, ಇದು ಎಷ್ಟು ಹೊತ್ತು ಓಡುತ್ತೋ ಹೇಳಕ್ಕಾಗಲ್ಲ. ಒಂದು ಗಂಟೆ ಓಡ್ಬಹುದು, ಐದು ನಿಮಿಷಕ್ಕೇ ನಿಲ್ಬಹುದು. ಮೊದಲು ಯಾವ್ದು ತೆಗೀಲಿ? ತುಂಬ ಮುಖ್ಯವಾದ್ದು ಹೇಳಿ," ಅಂದರು.

ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ಮನೆ ಅಂತ ಒಂದು ಫೋಲ್ಡರಿದೆ ನೋಡಿ, ನಮ್ಮ ಗೃಹಪ್ರವೇಶದ ವಿಡಿಯೋ, ಅದು," ಅಂದೆ.

ಅದು ಎರಡೂವರೆ ಗಂಟೆಯ ವಿಡಿಯೋ. ಹೊಸ ಮನೆಯ ಗೃಹಪ್ರವೇಶಕ್ಕೆ ಮಠದ ಸ್ವಾಮಿಗಳು ಬಂದಿದ್ದರು, ಪಾದಪೂಜೆಯಾಗಿತ್ತು. ಆ ಸಡಗರವನ್ನೆಲ್ಲ ನಾನೇ ಕೂತು ಕತ್ತರಿಸಿ ಜೋಡಿಸಿದ್ದೆ. ಪ್ರತಿ ತೆಗೆಯುವ ಹಸಿರು ಗೆರೆ ಇರುವೆಯ ಹಾಗೆ ಹರಿಯಿತು. ಐವತ್ತು ನಿಮಿಷ. ನಾನು ಎದುರಿನ ಹೋಟೆಲಿನಿಂದ ಕಾಫಿ ತರಿಸಿ ಕುಡಿದೆ. ವಿಡಿಯೋ ಪೂರ್ತಿ ಬಂತು. ಅವರು ಗಿರಾಕಿಗಳ ಫೋಲ್ಡರಿಗೆ ಕೈ ಹಾಕಿದರು. ಡಿಸ್ಕು ಎರಡು ಸಲ ಕಟ್ ಅಂದು, ಕರ್ ಅಂತ ಕೆರೆದು, ನಿಂತಿತು. ಮತ್ತೆ ಏನು ಮಾಡಿದರೂ ತಿರುಗಲಿಲ್ಲ. "ಒಳಗಿನ ತಟ್ಟೆನೇ ಗೀರಿಹೋಯ್ತು ಮೇಡಮ್. ಇನ್ನು ಬೆಂಗಳೂರಿಗೆ ಕಳ್ಸಿದ್ರೂ ಅಷ್ಟೇ," ಅಂದರು.

ಆ ಚಪ್ಪರದವನ ಫೋಟೋ ನನಗೆ ನೆನಪಾದದ್ದು ವಾಪಸ್ ಬರುವ ಬಸ್ಸಿನಲ್ಲಿ. ಒಂದು ಪಾಸ್‌ಪೋರ್ಟ್ ಫೋಟೋವನ್ನು ಡಿಸ್ಕಿನಿಂದ ತೆಗೆಯಲು ಎಷ್ಟು ಹೊತ್ತು? ಕಣ್ಣು ಮಿಟುಕಿಸುವಷ್ಟು. ಅದಾದ ಮೇಲೆ ಇನ್ನೂ ಒಂದು ವಿಷಯ ನೆನಪಾಯಿತು. ಗೃಹಪ್ರವೇಶದ ವಿಡಿಯೋ ಡಿವಿಡಿಗೆ ಹಾಕಿಸಿ ಬೀರುವಿನಲ್ಲಿಟ್ಟಿದ್ದೆ. ಸೀರೆಗಳ ಕೆಳಗೆ, ಜೋಪಾನವಾಗಿ. ಥೂ ನನ್ನ ಜನ್ಮಕ್ಕಿಷ್ಟು ಅಂತ ಬಾಯಿಬಿಟ್ಟೇ ಅಂದುಕೊಂಡೆ. ಪಕ್ಕದವರು ತಿರುಗಿ ನೋಡಿದರು.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಅವಳು ಬಂದಳು. ಹಳೆಯ ಕಟ್ಟನ್ನು ಒರೆಸಿ, ಹೊಸ ಗಾಜು ಹಾಕಿಸಿ, ಕೈಯಲ್ಲೇ ಹಿಡಿದುಕೊಂಡು ಬಂದಿದ್ದಳು. ನಾನು ಕುರ್ಚಿಯಿಂದ ಎದ್ದು ನಿಂತು ಹೇಳಿದೆ. ಡಿಸ್ಕು ಹೋಯಿತಮ್ಮ, ನಿಮ್ಮನೆಯವರ ಫೋಟೋನೂ ಹೋಯಿತು, ನನ್ನದೇ ತಪ್ಪು, ಬಂದಾಗಲೇ ಕೊಡಬೇಕಿತ್ತು. ಅವಳು ನನ್ನ ಮುಖವನ್ನೇ ನೋಡಿದಳು. ಅವರ ಆಧಾರ್ ಕಾರ್ಡು ತಾ, ಅದರಲ್ಲೇ ನೋಡೋಣ ಅಂದೆ. ಸೆರಗಿನಿಂದ ತೆಗೆದು ಕೊಟ್ಟಳು, ಅದೂ ಜೆರಾಕ್ಸು; ಅಸಲು ಯಾವಾಗಲೋ ಕಳೆದಿತ್ತಂತೆ. ಮುಖದ ಜಾಗದಲ್ಲಿ ಕಪ್ಪು ಮಸಿ.

"ಒಂದೂ ಉಳೀಲಿಲ್ವಾ ಅಕ್ಕ? ನಿಮ್ದೂ ಎಲ್ಲ ಹೋಯ್ತಾ?" ಅಂತ ಕೇಳಿದಳು. ನನ್ನ ಬಗ್ಗೆ ಮರುಗುವ ದನಿಯಲ್ಲಿ ಕೇಳಿದಳು. ಅದಕ್ಕೇ ಸುಳ್ಳು ಬರಲಿಲ್ಲ.

"ನಮ್ಮನೆ ಗೃಹಪ್ರವೇಶದ್ದು ಒಂದು ಉಳೀತು."

ಅವಳ ಮುಖ ಅರಳಿಬಿಟ್ಟಿತು. "ಅಯ್ಯೋ ಅಕ್ಕ! ಅವತ್ತು ಚಪ್ಪರ ಹಾಕಿದ್ದು ನಮ್ಮನೆಯವ್ರೇ ಅಲ್ವಾ! ಮೂರು ದಿನ ನಿಮ್ಮನೇಲೇ ಇದ್ರು. ಅದ್ರಾಗೆ ಎಲ್ಲಾದ್ರೂ ಬಂದೇ ಬಂದಿರ್ತಾರೆ, ಹಾಕು ನೋಡನ!"

ಬಂದಿದ್ದರು. ಅದು ನನಗೆ ಗೊತ್ತಿತ್ತು. ಗಳ ಹತ್ತಿ ಸೋಗೆ ಕಟ್ಟುವಾಗ ಬಂದಿದ್ದರು, ಮಗುಚಿಟ್ಟ ಕೊಳಗದ ಮೇಲೆ ಕೂತು ಕಾಫಿ ಕುಡಿಯುವಾಗ ಬಂದಿದ್ದರು, ಒಂದು ಕಡೆ ಕ್ಯಾಮೆರಾ ಕಡೆಗೇ ತಿರುಗಿ ಹಲ್ಲು ಬಿಟ್ಟು ನಕ್ಕಿದ್ದರು. ಅವರ ಬನಿಯನ್ನು ಹರಿದಿತ್ತು. ಸ್ವಾಮಿಗಳು ಬರುವ ವಿಡಿಯೋದಲ್ಲಿ ಕೆಲಸದವರೆಲ್ಲ ಯಾಕೆ ಅಂತ ಆ ತುಂಡುಗಳನ್ನೆಲ್ಲ ನಾನೇ ಕತ್ತರಿಸಿ ಬಿಸಾಡಿದ್ದೆ. ಜಾಗ ಸಾಲದು ಅಂತ ಮೂಲವನ್ನೂ ಅಳಿಸಿದ್ದೆ.

ಆಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಸ್ಟೂಲು ಎಳೆದು ಕೂರಿಸಿ, ಹೊಸ ಡಿಸ್ಕು ಹಾಕಿಸಿದ್ದ ಕಂಪ್ಯೂಟರಿನಲ್ಲಿ ವಿಡಿಯೋ ಹಾಕಿದೆ. ಅವಳು ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಜನರ ಗುಂಪು ಬಂದಾಗಲೆಲ್ಲ ಮುಂದಕ್ಕೆ ಬಾಗುತ್ತಿದ್ದಳು. ಬೇಗ ಓಡಿಸಲೇನಮ್ಮ ಅಂದರೆ, "ಬ್ಯಾಡ ಕಣಕ್ಕ, ತಪ್ಪೋಗ್ತಾರೆ," ಅಂದಳು. ಗಿರಾಕಿಗಳನ್ನು ಆಮೇಲೆ ಬನ್ನಿ ಅಂತ ಕಳಿಸಿದೆ. ಎರಡೂವರೆ ಗಂಟೆ ನಾನೂ ಪಕ್ಕದಲ್ಲಿ ಕೂತೆ. ರೇಷ್ಮೆ ಸೀರೆಯುಟ್ಟು ಪರದೆಯ ತುಂಬ ಓಡಾಡುತ್ತಿದ್ದ ನನ್ನನ್ನು ನೋಡಲು ನನಗೇ ಸಾಕಾಗಿಹೋಯಿತು. ಅಷ್ಟು ಸುಸ್ತಾದದ್ದು ನನ್ನ ಜೀವಮಾನದಲ್ಲಿ ಇನ್ನೊಂದು ದಿನ ಇಲ್ಲ.

ಮುಗಿದ ಮೇಲೆ ಅವಳು ಮಡಿಲಲ್ಲಿದ್ದ ಕಟ್ಟಿನ ಗಾಜನ್ನು ಸೆರಗಿನಿಂದ ಒರೆಸಿದಳು. ಆಮೇಲೆ, "ಸುರುವಿಗೆ ಚಪ್ಪರ ಬಂತಲ್ಲ, ಬಾಳೆಕಂಬ ಕಟ್ಟಿ, ಯಾರೂ ಇರ್ಲಿಲ್ಲ ನೋಡು, ಅದ್ನೇ ಒಂದು ತೆಗ್ದು ಕೊಡಕ್ಕ. ಕಟ್ಟಿದ್ದು ಅವ್ರೇ ಅಲ್ವಾ," ಅಂದಳು.

ಆ ಜಾಗಕ್ಕೆ ಹೋಗಿ, ನಿಲ್ಲಿಸಿ, ಪ್ರಿಂಟು ತೆಗೆದು, ಅವಳ ಕಟ್ಟಿನ ಅಳತೆಗೆ ಕತ್ತರಿಸಿ ಕೂರಿಸಿದೆ. ಖಾಲಿ ಚಪ್ಪರ, ಮಾವಿನ ತೋರಣ, ಎರಡು ಬಾಳೆಕಂಬ. ಅವಳು ಅದನ್ನು ಎರಡು ಕೈಯಲ್ಲಿ ಹಿಡಿದು ನೋಡುತ್ತಾ ನಕ್ಕಳು.

"ಅವ್ರು ಹಂಗೇ ಕಣಕ್ಕ. ಬಲೇ ನಾಚ್ಕೆ. ಕ್ಯಾಮ್ರಾ ಕಂಡೇಟ್ಗೆ ಹಿತ್ಲ ಕಡೆ ಹೊಂಟೋಗಿರ್ತಾರೆ."

"ಹೂಂ ಕಣಮ್ಮ," ಅಂದೆ, "ಹಂಗೇ ಇರ್ಬೇಕು."