ಹನ್ನೊಂದು ಮರಗಳ ಕಷ್ಟ

ನಮ್ಮ ಕಡೆ ಯಾರನ್ನಾದರೂ "ಸುಖವಾ?" ಅಂತ ಕೇಳಿ ನೋಡಿ. "ಹಾಂ, ಸುಖ" ಎಂದು ನೇರ ಹೇಳಿದವರನ್ನು ನಾನು ಇಷ್ಟು ವರ್ಷದಲ್ಲಿ ಕಂಡದ್ದಿಲ್ಲ. "ಹೀಗೇ, ನಡೀತಾ ಉಂಟು" ಅನ್ನುತ್ತಾರೆ, ಸುಖ ಅಂದರೆ ಯಾರಾದರೂ ಬಂದು ಕಿತ್ತುಕೊಂಡು ಹೋಗುತ್ತಾರೋ ಎಂಬ ಹಾಗೆ. ನಾನೇನೂ ಬೇರೆಯಲ್ಲ. ಕಡಬದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಸಂಜೆ ಶಟರ್ ಅರ್ಧ ಇಳಿಸಿ, ಚಹಾ ಕುಡಿಯುತ್ತ, ರಸ್ತೆಯಲ್ಲಿ ಹೋಗುವವರ ಬರೀ ಕಾಲುಗಳನ್ನು ನೋಡುತ್ತ ಹತ್ತು ನಿಮಿಷ ಕೂರುವುದು ನನ್ನ ದಿನದ ಅತ್ಯಂತ ಒಳ್ಳೆಯ ಹೊತ್ತು. ಮನೆಯಲ್ಲಿ ಯಾಕೆ ತಡ ಎಂದು ಕೇಳಿದರೆ "ಅರ್ಜೆಂಟ್ ಬ್ಲೌಸ್ ಇತ್ತು" ಅನ್ನುತ್ತೇನೆ. ಇಷ್ಟು ಚೆನ್ನಾಗಿ ಸುಳ್ಳು ಹೇಳಲು ಬರುವ ನನಗೆ ಅತ್ತೆಯ ಸುಳ್ಳು ಮಾತ್ರ ಅರ್ಥವಾಗಲಿಲ್ಲ.

ಸುಳ್ಯದ ಕಡೆಯಿಂದ ಪೆರಾಬೆಯ ಈ ಮನೆಗೆ ಮದುವೆಯಾಗಿ ಬಂದವಳು ನಾನು. ನನ್ನ ಮನೆಮಾತು ಅರೆಭಾಷೆ, ಅತ್ತೆಯದು ತುಳು. ನನ್ನ ತುಳು ಕೇಳಿದರೆ ಅವರಿಗೆ ನಗು ತಡೆಯುತ್ತಿರಲಿಲ್ಲ, ಹಾಗಾಗಿ ನಾವಿಬ್ಬರೂ ಕನ್ನಡಕ್ಕೆ ರಾಜಿಯಾದೆವು. ಮನೆಯ ಹಿಂದಿನ ಗುಡ್ಡದಲ್ಲಿ ನಮ್ಮ ರಬ್ಬರ್ ತೋಟ. ತೋಟಕ್ಕೆಲ್ಲ ಟ್ಯಾಪಿಂಗ್ ಮಾಡಲು, ಅಂದರೆ ಮರ ಕೆತ್ತಿ ಹಾಲು ಇಳಿಸಲು, ಒಬ್ಬ ಕೆಲಸದವನಿದ್ದ. ಆದರೆ ಕೊಟ್ಟಿಗೆಯಿಂದ ಮೇಲೆ ಹತ್ತಿದ ಕೂಡಲೇ ಸಿಗುವ ಹನ್ನೊಂದು ಮರಗಳನ್ನು ಅವನು ಮುಟ್ಟುವ ಹಾಗಿರಲಿಲ್ಲ. ಅವು ಅತ್ತೆಯವು.

ದಿನ ಬಿಟ್ಟು ದಿನ ಬೆಳಕು ಹರಿಯುವ ಹೊತ್ತಿಗೆ ಅವರು ತಲೆಗೊಂದು ಬಟ್ಟೆ ಕಟ್ಟಿ, ಕತ್ತಿ ಹಿಡಿದು ಹೊರಡುತ್ತಿದ್ದರು. ಹೊರಡುವಾಗ ಒಂದು ಗೊಣಗಾಟ ಇರಲೇಬೇಕು. "ಎಂತ ಮಾಡುದು, ನಾನು ಹೋಗದಿದ್ರೆ ಯಾರು ಹೋಗುದು? ನನ್ನ ಹಣೆಬರಹ." ಇದನ್ನು ನಾನು ಹದಿನೈದು ವರ್ಷ ಅಕ್ಷರಶಃ ನಂಬಿದೆ.

ಕಳೆದ ಮಳೆಗಾಲದಲ್ಲಿ ಅವರ ಮೊಣಕಾಲು ಊದಿಕೊಂಡಿತು. ಮಳೆ ಬಿಟ್ಟ ಮೇಲೆ ನಾನೇ ಮುಂದೆ ನಿಂತು, ಗಂಡನನ್ನೂ ಒಪ್ಪಿಸಿ, ಆ ಹನ್ನೊಂದು ಮರಗಳನ್ನೂ ಕೆಲಸದವನಿಗೇ ವಹಿಸಿದೆ. ಅತ್ತೆಗೆ ಅಂಗಳದಲ್ಲಿ ಕೂರಲು ಪುತ್ತೂರಿನಿಂದ ಒರಗು ಕುರ್ಚಿ ತರಿಸಿದೆ. "ಇನ್ನು ನೀವು ಸುಖವಾಗಿ ಕೂತ್ಕೊಳ್ಳಿ ಅತ್ತೆ, ದುಡಿದದ್ದು ಸಾಕು" ಅಂದೆ. ಅವರು ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು. "ಆಯ್ತು" ಅಂದರು. ಒಳ್ಳೆಯ ಸೊಸೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದು ತಿಂಗಳೊಳಗೆ ಅತ್ತೆ ಮಂಕಾದರು. ಮೊದಲು ಸಾರಿಗೆ ಉಪ್ಪು ಕಮ್ಮಿಯಾದರೆ ಮೂರು ಮನೆಗೆ ಕೇಳುವ ಹಾಗೆ ಹೇಳುತ್ತಿದ್ದವರು, ಈಗ ಉಪ್ಪೇ ಹಾಕದ ಸಾರನ್ನೂ ಸುಮ್ಮನೆ ಉಂಡು ಎದ್ದರು. ನಾನು ಬೇಕೆಂದೇ ಹಾಕಿರಲಿಲ್ಲ, ಪರೀಕ್ಷೆ ಮಾಡಲು. ಅವರು ಬಟ್ಟಲು ಖಾಲಿ ಮಾಡಿದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಬೆಳಗ್ಗೆ ಹೊತ್ತೇರುವ ತನಕ ಏಳುತ್ತಿರಲಿಲ್ಲ. ಎದ್ದರೂ ಕುರ್ಚಿಯಲ್ಲಿ ಕೂತು, ಮಡಿಲಲ್ಲಿಟ್ಟುಕೊಂಡ ಬೆರಳುಗಳನ್ನು ಒಂದಕ್ಕೊಂದು ತಿಕ್ಕುತ್ತ ಇರುತ್ತಿದ್ದರು. ಪುತ್ತೂರಿನಲ್ಲಿ ಡಾಕ್ಟರಿಗೆ ತೋರಿಸಿದೆವು. ರಕ್ತ ಸರಿ ಇದೆ, ಹೃದಯ ಸರಿ ಇದೆ, ಪ್ರಾಯ ಆಯಿತಲ್ಲ ಅಂದರು. ನನಗೆ ಸಿಟ್ಟು ಬಂತು. ಎರಡು ತಿಂಗಳ ಹಿಂದೆ ಇಲ್ಲದ ಪ್ರಾಯ ಈಗ ಎಲ್ಲಿಂದ ಬರಬೇಕು?

ಆಮೇಲೆ ಒಂದು ಬೆಳಗ್ಗೆ ಕೆಲಸದವನು ಬರಲಿಲ್ಲ. ಅವನ ತಂಗಿಯ ಮನೆಯಲ್ಲಿ ಏನೋ ಕಾರ್ಯಕ್ರಮವಂತೆ. ನನಗೆ ಟ್ಯಾಪಿಂಗ್ ಬರುವುದಿಲ್ಲ, ಕನಿಷ್ಠ ಒಣಗಿದ ಸ್ಕ್ರಾಪನ್ನಾದರೂ ತೆಗೆದು ತರೋಣ ಎಂದು ಗೋಣಿಚೀಲ ಹಿಡಿದು ಗುಡ್ಡ ಹತ್ತಿದೆ. ಮಂಜು ಎಷ್ಟಿತ್ತೆಂದರೆ ಮರಗಳಿಗೆ ಬರೀ ಸೊಂಟವಿತ್ತು, ತಲೆಯಿರಲಿಲ್ಲ. ಎಲ್ಲೋ ಒಂದು ಹನಿ ಎಲೆಯಿಂದ ಎಲೆಗೆ ಬೀಳುವ ಶಬ್ದ. ನನ್ನ ಹೆಜ್ಜೆ ನನಗೇ ದೂರದಲ್ಲಿ ಯಾರೋ ನಡೆದ ಹಾಗೆ ಕೇಳುತ್ತಿತ್ತು.

ರಬ್ಬರ್ ಮರ ಗೊತ್ತಿಲ್ಲದವರಿಗೆ ಒಂದು ಮಾತು. ತೊಗಟೆಯಲ್ಲಿ ಓರೆಯಾಗಿ ಒಂದು ಗೀರು ಕೆತ್ತುತ್ತಾರೆ. ಹಾಲು ಆ ಗೀರಿನಗುಂಟ ಇಳಿದು ಕೆಳಗೆ ಕಟ್ಟಿದ ತೆಂಗಿನ ಗೆರಟೆಗೆ ಬೀಳುತ್ತದೆ. ಗೀರಿನಲ್ಲಿ ಉಳಿದ ಒಂದಿಷ್ಟು ಹಾಲು ಅಲ್ಲೇ ಒಣಗಿ ತೆಳ್ಳಗಿನ ಎಳೆಯಾಗಿರುತ್ತದೆ, ಅದೇ ಸ್ಕ್ರಾಪು. ಮುಂದಿನ ಸಲ ಕೆತ್ತುವ ಮೊದಲು ಆ ಎಳೆಯನ್ನು ಬಿಡಿಸಬೇಕು. ಕೆಲಸ ಅಷ್ಟೇ.

ಮೊದಲನೆಯ ಮರದ ಎಳೆ ಅರ್ಧಕ್ಕೆ ತುಂಡಾಯಿತು. ಎರಡನೆಯದೂ. ಮೂರನೆಯ ಮರದಲ್ಲಿ ಅವಸರ ಬಿಟ್ಟು, ತುದಿಯನ್ನು ಉಗುರಿನಿಂದ ಎಬ್ಬಿಸಿ, ಮೆಲ್ಲಗೆ ಎಳೆದೆ. ತಣ್ಣಗಿನ ಎಳೆ ಸಣ್ಣ ಸದ್ದು ಮಾಡುತ್ತ, ಒಂಚೂರು ಹಿಗ್ಗುತ್ತ, ತೊಗಟೆ ಬಿಟ್ಟು ಬಂತು. ಬಂತು, ಇನ್ನೂ ಬಂತು, ಮರದ ಅರ್ಧ ಸುತ್ತು ಸುತ್ತಿ ಕೊನೆಯ ತನಕ ಒಂದೇ ತುಂಡಾಗಿ ಬಂದು ನನ್ನ ಅಂಗೈಯಲ್ಲಿ ಸುರುಳಿಯಾಗಿ ಮಲಗಿತು. ನಾನು ಕಣ್ಣು ಅರ್ಧ ಮುಚ್ಚಿಕೊಂಡಿದ್ದೆ ಎಂಬುದು ಆಮೇಲೆ ಗೊತ್ತಾಯಿತು. ದಿನವಿಡೀ ನೂಲು ಹಿಡಿಯುವವಳು ನಾನು, ಯಾವ ನೂಲೂ ನನಗೆ ಹೀಗೆ ಮಾಡಿದ್ದಿಲ್ಲ. ನಾಲ್ಕನೆಯ ಮರಕ್ಕೆ ಹೋದೆ, ಐದಕ್ಕೆ ಹೋದೆ. ಅಂಗಡಿ, ಚಹಾ, ನನ್ನ ಹೆಸರು, ಒಂದೂ ನೆನಪಿರಲಿಲ್ಲ.

ಏಳನೆಯ ಮರದ ಹತ್ತಿರ ನಿಂತಾಗ ನನಗೆ ಅತ್ತೆಯ ಮುಖ ಕಂಡಿತು. ಮದುವೆಯಾದ ಹೊಸತರಲ್ಲಿ ಒಮ್ಮೆ ಅವರನ್ನು ಕಾಫಿಗೆ ಕರೆಯಲು ಇಲ್ಲಿಗೆ ಬಂದಿದ್ದೆ. ಅವರು ಮರಕ್ಕೆ ಒರಗಿ, ಕಣ್ಣು ಅರ್ಧ ಮುಚ್ಚಿ ನಿಂತಿದ್ದರು. ನಾನು ಗಾಬರಿಯಾಗಿ "ತಲೆ ತಿರುಗ್ತದಾ ಅತ್ತೆ?" ಎಂದು ಕೇಳಿದ್ದೆ. ಅವರು ಬೆಚ್ಚಿಬಿದ್ದು, ಕೈಯಲ್ಲಿದ್ದದ್ದನ್ನು ಸೆರಗಿನೊಳಗೆ ಹಾಕಿಕೊಂಡು, "ಸುಸ್ತು ಮಾರಾಯ್ತಿ, ಸುಸ್ತು" ಅಂದಿದ್ದರು. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಮುಖ ಅದು. ಆಗ ನನಗೆ ಹೊಳೆಯಲಿಲ್ಲ. ಈಗ ಗೋಣಿಚೀಲ ಕೆಳಗೆ ಹಾಕಿ ಅಲ್ಲೇ ಕೂತು ಅತ್ತುಬಿಟ್ಟೆ. ಅವರ ಇಡೀ ದಿನದಲ್ಲಿ ಅವರದೇ ಎಂದು ಇದ್ದ ಒಂದು ಗಂಟೆಯನ್ನು, ಪ್ರೀತಿಯಿಂದಲೇ, ನಾನು ಕಸಿದುಕೊಂಡಿದ್ದೆ. ಅವರು ಏಳುತ್ತಿದ್ದದ್ದೇ ಇದಕ್ಕಾಗಿ. ಸುಖ ಎಂದರೆ ಕೆಲಸ ಮುಗಿದ ಮೇಲೆ ಕುರ್ಚಿಯಲ್ಲಿ ಸಿಗುವುದು ಅಂತ ನನಗೆ ಯಾರು ಹೇಳಿಕೊಟ್ಟರೋ.

ಆದರೆ ಹಿಂದಿರುಗಿಸುವುದು ಹೇಗೆ? "ಹೋಗಿ ಅತ್ತೆ, ನಿಮಗೆ ಅದು ಖುಷಿಯಲ್ವಾ" ಅಂದರೆ ಅವರು ಸಾಯುವ ತನಕ ಗುಡ್ಡ ಹತ್ತುತ್ತಿರಲಿಲ್ಲ. ಹಾಗಾಗಿ ಕೆಳಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತೆ.

"ಆ ಹನ್ನೊಂದು ಮರ ಅವನಿಗೆ ಇನ್ನು ಆಗುದಿಲ್ಲವಂತೆ ಅತ್ತೆ. ಗೀರು ಎಲ್ಲ ಸೊಟ್ಟ ಮಾಡಿ ಇಟ್ಟಿದ್ದಾನೆ."

ಕುರ್ಚಿ ಕಿರ್ ಅಂತು. "ಸೊಟ್ಟವಾ?"

"ಒಂದು ಮೇಲೆ, ಒಂದು ಕೆಳಗೆ. ನೋಡ್ಲಿಕ್ಕಾಗುದಿಲ್ಲ."

"ನಂಗೆ ಗೊತ್ತಿತ್ತು! ಈ ಮನೆಯಲ್ಲಿ ನಾನು ಕೂತ್ರೆ ಒಂದು ಕೆಲಸ ಸರಿ ಆಗ್ಲಿಕ್ಕುಂಟಾ? ನನ್ನ ಕತ್ತಿ ಎಲ್ಲಿ ಇಟ್ಟದ್ದು ನೀನು?"

ಆ ಮಧ್ಯಾಹ್ನ ಸಾರಿಗೆ ಉಪ್ಪು ಜಾಸ್ತಿ ಎಂದು ನನಗೆ ಬೈದರು. ನನ್ನ ಕಿವಿಗೆ ಅದು ಎಷ್ಟು ಚೆನ್ನಾಗಿ ಕೇಳಿಸಿತು ಎಂದು ಹೇಳಲಾರೆ. ಮೊಣಕಾಲು ಇನ್ನೂ ನೋಯುತ್ತಿತ್ತು. ಗಂಡ ಗುಡ್ಡಕ್ಕೆ ಅಗಲದ ಮೆಟ್ಟಿಲು ಕಡಿದುಕೊಟ್ಟರು. ಅತ್ತೆ ಒಂದು ಕೋಲು ಹಿಡಿದರು. ನೋವಿಗೆ ಎಣ್ಣೆ ಹಚ್ಚುವುದು ನನ್ನ ಪಾಲಿಗೆ ಬಂತು, ಹಚ್ಚುವಾಗ "ಹಣೆಬರಹ" ಎಂಬ ಅತ್ತೆಯ ಗೊಣಗಾಟವೂ ಮತ್ತೆ ಶುರುವಾಯಿತು.

ಮರದ ಎಲೆಗಳು ಕೆಂಪಾಗಿ ಉದುರಲು ತೊಡಗಿದ ಒಂದು ಬೆಳಗ್ಗೆ, ಮೆಟ್ಟಿಲು ಜಾರುತ್ತದೆ ಎಂಬ ನೆಪ ಹೇಳಿ ನಾನೂ ಅವರ ಜೊತೆ ಹೋದೆ. ಮರದಿಂದ ಮರಕ್ಕೆ ಅವರ ಹಿಂದೆ ನಡೆದೆ. ಅವರು ಎಳೆ ಬಿಡಿಸುತ್ತಿದ್ದರು, ಒಂದೂ ತುಂಡಾಗುತ್ತಿರಲಿಲ್ಲ. ಹತ್ತನೆಯ ಮರದಲ್ಲಿ ತಡೆಯಲಾಗದೆ ನನ್ನ ಕೈ ತನ್ನಷ್ಟಕ್ಕೇ ಮುಂದೆ ಹೋಯಿತು. ಅತ್ತೆ ಅದನ್ನು ಮೆಲ್ಲಗೆ ತಳ್ಳಿದರು.

"ಬೇಡ ಮಗಾ, ನಿಂಗೆ ಯಾಕೆ ಕಷ್ಟ."

"ಪರವಾಗಿಲ್ಲ ಅತ್ತೆ. ನಿಮ್ಗೊಬ್ಬರಿಗೇ ಎಷ್ಟು ಕಷ್ಟ."

ಅವರು ತಿರುಗಿ ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ನಾನು ನಗಲಿಲ್ಲ, ಅವರೂ ನಗಲಿಲ್ಲ. ಹತ್ತನೆಯದನ್ನು ಮುಗಿಸಿ, ಕೋಲೂರಿಕೊಂಡು ಹನ್ನೊಂದನೆಯ ಮರದ ತನಕ ಹೋದರು. ಅಲ್ಲಿ ನಿಂತು ಸೊಂಟ ಹಿಡಿದುಕೊಂಡರು.

"ಅಬ್ಬ, ನಂಗೆ ಸಾಕಾಯ್ತು. ಇದೊಂದು ನೀನೇ ಮಾಡು."

ಅವರಿಗೆ ಒಂಚೂರೂ ಸಾಕಾಗಿರಲಿಲ್ಲ. ನಾನು ತುದಿಯನ್ನು ಉಗುರಿನಿಂದ ಎಬ್ಬಿಸಿ ಎಳೆಯಲು ಶುರುಮಾಡಿದೆ. ಎಳೆ ಮುಗಿಯುವ ತನಕ ಅತ್ತೆ ನನಗೆ ಬೆನ್ನು ಹಾಕಿ, ಕೆಳಗಿನ ಮಂಜನ್ನು ನೋಡುತ್ತ ನಿಂತಿದ್ದರು.