ಗೇಟು ಓಗೊಡದ ಬೆಳಗು

ನಾನು ಕರೆದಾಗ ನೀವಿಬ್ಬರೂ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿರುತ್ತೀರಿ. ನಾನು ಮನೆಯೆಲ್ಲ ಹುಡುಕಿ ಸಾಕಾದ ಮೇಲೆ ಕಿಸಕ್ಕನೆ ನಗುತ್ತೀರಿ. ನಿಮಗೆ ಅದು ಆಟ. "ಆಯಿಗೆ ಸುಮ್ಮಸುಮ್ಮನೆ ಸಿಟ್ಟು ಬರ್ತೈತಿ" ಎಂದು ನಿಮ್ಮ ಅವ್ವನ ಮುಂದೆ ದೂರು ಬೇರೆ. ಅದು ಸಿಟ್ಟಲ್ಲ, ಹೆದರಿಕೆ. ಕೂಡಿಸಿಕೊಂಡು ಹೇಳೋಣವೆಂದರೆ ಮೊಮ್ಮಕ್ಕಳ ಮುಂದೆಯೂ ನನಗೆ ಮಾತು ಬಾರದು. ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿವೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮುತ್ಯಾನ ಹೊಲ ಸಿಂದಗಿ ತಾಲ್ಲೂಕಿನ ದೇವಣಗಾಂವದಲ್ಲಿತ್ತು. ಜೋಳ ಆಳೆತ್ತರ ಬೆಳೆದರೆ ಒಳಗಿದ್ದವರು ಕಾಣುವುದಿಲ್ಲ. ಬುತ್ತಿ ತಂದವಳು ಬದುವಿನ ಮೇಲೆ ನಿಂತು "ಓ" ಎಂದು ಕೂಗಬೇಕು, ಒಳಗಿನಿಂದ "ಓ" ಎಂದು ಬರಬೇಕು. ಗಂಡನ ಹೆಸರು ಹಿಡಿದು ಕರೆಯುವ ಹಾಗಿಲ್ಲ, ಹೀಗಾಗಿ ನಮ್ಮಿಬ್ಬರ ನಡುವೆ ಆ ಒಂದಕ್ಷರವೇ ಹೆಸರಾಗಿತ್ತು. ಒಂದು ದಿನ ಕೂಗಿದೆ, ಬರಲಿಲ್ಲ. ಮತ್ತೆ ಕೂಗಿದೆ. ಗಾಳಿಗೆ ಜೋಳದ ಗರಿ ಸರಸರ ಎಂದವು, ಅಷ್ಟೇ. ಒಳಗೆ ಹೋಗಿ ನೋಡಿದಾಗ ಎದೆ ಹಿಡಿದುಕೊಂಡು ಮಲಗಿದ ಹಾಗೆ ಬಿದ್ದಿದ್ದರು, ಉಸಿರಿರಲಿಲ್ಲ. ಅಂದಿನಿಂದ ಕೂಗಿಗೂ ಓಗೊಡುವುದಕ್ಕೂ ನಡುವಿನ ಆ ಚಣ ಹೊತ್ತು ನನಗೆ ಬಾವಿಯಷ್ಟು ಆಳ.

ಆಮೇಲೆ ನಿಮ್ಮ ಅವ್ವ ನನ್ನನ್ನು ಬಸವನ ಬಾಗೇವಾಡಿಗೆ ಕರೆತಂದಳು. ನಿಮ್ಮಲ್ಲಿ ದೊಡ್ಡವಳು ಆಗ ಇನ್ನೂ ಮೊಲೆಗೂಸು. ಸಣ್ಣವನು ಹುಟ್ಟಿರಲಿಲ್ಲ. ನಿಮ್ಮ ಅವ್ವನೂ ಅಪ್ಪನೂ ಕಾಲುವೆ ನೋಡಿಕೊಳ್ಳುವ ಒಂದೇ ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದರು. ಅಪ್ಪ ಗೇಟುಗಳ ಕರೆಂಟು, ರಿಪೇರಿ ಕೆಲಸ ಮಾಡುತ್ತಿದ್ದರು. ಅವ್ವ ಆ ಗೇಟುಗಳಿಗೆ ಅಪ್ಪಣೆ ಕೊಡುವ ಸರ್ವರ್ ಎಂಬ ಯಂತ್ರ ನೋಡಿಕೊಳ್ಳುತ್ತಿದ್ದಳು. ಯಾವ ಹೊಲಗಾಲುವೆಗೆ ಯಾವ ಹೊತ್ತಿಗೆ ನೀರಿನ ಬಾರಿ ಎಂಬುದನ್ನು ಆ ಯಂತ್ರ ಗೇಟಿನ ಪೆಟ್ಟಿಗೆಗಳಿಗೆ ಮೊದಲೇ ಹೇಳಿಡುತ್ತಿತ್ತು. ಹೊತ್ತಾದರೆ ಗೇಟು ತಾನೇ ಏಳುತ್ತಿತ್ತು. ಕೂಸಿಗೆ ಹಾಲು ಬೇಕಾದ್ದರಿಂದ ನಾನೂ ಅದನ್ನು ಉಡಿಯಲ್ಲಿ ಹಾಕಿಕೊಂಡು ಕಚೇರಿಗೆ ಹೋಗುತ್ತಿದ್ದೆ. ಸರ್ವರ್ ಇಟ್ಟ ಕೋಣೆಯಲ್ಲಿ ಸದಾ ಚಳಿ. ಕೌದಿ ಹೊದ್ದು ಮೂಲೆಯಲ್ಲಿ ಕೂಡುತ್ತಿದ್ದೆ.

ನನ್ನ ಬೇಸರ ನೋಡಲಾರದೆ ಅವ್ವ ಒಮ್ಮೆ ಪರದೆ ತೋರಿಸಿ ಹೇಳಿದ್ದಳು: "ಯವ್ವಾ, ನೀ ಹೊಲದಾಗ ಕೂಗ್ತಿದ್ದೆಲ್ಲ, ಇದೂ ಹಂಗ ನೋಡು. ಇಲ್ಲಿಂದ ಗೇಟಿಗೆ ಕೂಗೂದು, ಅದು ಓ ಅಂದ್ರ ದಾರಿ ಚಲೋ ಐತಿ ಅಂತ. ಇದಕ್ಕ ಪಿಂಗ್ ಅಂತಾರ."

"ಅನಲಿಲ್ಲಂದ್ರ?"

"ಅನಲಿಲ್ಲಂದ್ರ ದಾರ್ಯಾಗ ಎಲ್ಲಿ ಕೆಟ್ಟೈತಿ ಹುಡುಕೂದು."

ಹುಡುಕಬಹುದಲ್ಲ ಎಂದು ನನಗೆ ಅವತ್ತು ಸ್ವಲ್ಪ ಸಮಾಧಾನವಾಗಿತ್ತು.

ಆ ವರ್ಷದ ದಸರೆ ಬಂತು. ಕೆಳಗಿನ ಒಂದು ಗೇಟಿನ ಅಡಿಯ ರಬ್ಬರು ಹರಿದು ನೀರು ಸೋರುತ್ತಿತ್ತು. ಹಬ್ಬ ಮುಗಿದ ಮರುದಿನ ನಿಮ್ಮ ಅಪ್ಪ ಕಾಲುವೆಗೆ ಇಳಿದು ಅದನ್ನು ಬದಲಿಸಬೇಕಿತ್ತು. ಆದರೆ ಅದೇ ಬೆಳಗ್ಗೆ ಆ ಗೇಟಿಗೆ ಬಾರಿ ಇತ್ತು. ಅಲ್ಲೇ ನಿಲ್ಲಿಸುವ ಕೈಸ್ವಿಚ್ಚು ಕೆಟ್ಟಿತ್ತು, ಹೊಸದು ಇನ್ನೂ ಬಂದಿರಲಿಲ್ಲ. ಬಾರಿಯನ್ನು ಕಚೇರಿಯಿಂದಲೇ ರದ್ದು ಮಾಡಬೇಕು. ಆಯುಧಗಳಿಗೆ ಪೂಜೆ ಮಾಡುವ ಖಂಡೆ ಪೂಜೆಯ ಬೆಳಗ್ಗೆ ಅವ್ವ ರದ್ದು ಮಾಡಿದಳು. "ಬಂದ್ ಮಾಡೇನಿ, ನೀವು ಬಿನ್‌ಘೋರ ಇಳೀರಿ, ಚಿಂತಿ ಬ್ಯಾಡ" ಎಂದು ಅಪ್ಪನಿಗೆ ಹೇಳಿದಳು. ಬೆನ್ನಿಗೇ ಯಂತ್ರ ಆರಿಸಿಬಿಟ್ಟಳು. ಖಂಡೆ ಪೂಜೆಯ ದಿನ ನಮ್ಮಲ್ಲಿ ಕುಡಗೋಲನ್ನೂ ಕೈಗೆತ್ತುವುದಿಲ್ಲ. ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ ಅದಕ್ಕೆ ವಿಶ್ರಾಂತಿ ಕೊಡುತ್ತೇವೆ. ಕಚೇರಿಯವರು ಸರ್ವರ್ ಯಂತ್ರಕ್ಕೂ ಹಾಗೇ ಮಾಡುತ್ತಿದ್ದರು. ಮರುದಿನ ಬನ್ನಿ. ಎಲ್ಲರೂ ಮನೆಮನೆಗೆ ಹೋಗಿ "ಬಂಗಾರದಂಗ ಇರೂಣು" ಎಂದು ಬನ್ನಿ ಎಲೆ ಹಂಚಿಕೊಂಡೆವು.

ಅದರ ಮರುದಿನ ನಸುಕಿನಲ್ಲಿ ಅಪ್ಪ ಮೋಟರ್ ಸೈಕಲ್ ಮೇಲೆ ಕಾಲುವೆಗೆ ಹೋದರು. ನಾವು ಕಚೇರಿಗೆ ಹೋಗುವಷ್ಟರಲ್ಲಿ ಬಿಸಿಲು ಏರಿತ್ತು. ಕಾವಲಿನ ಚಾಚಾ ಬೀಗ ತೆಗೆದರು. ಅವರ ಮನೆತನ ತಲೆಮಾರುಗಳಿಂದ ಇದೇ ಊರಿನದು. ಕಚೇರಿಯ ಡ್ರೈವರ್ ಜೀಪಿನ ಮೇಲಿನ ಒಣಗಿದ ಚೆಂಡು ಹೂವಿನ ಮಾಲೆ ಬಿಚ್ಚುತ್ತಿದ್ದ.

"ಏನ್ರಿ ಮೇಡಂ, ಹೋಳಿಗಿ ಖಾಲಿ ಮಾಡಿ ಬಂದ್ರೇನು, ನಮಗೂ ಎರಡ ಉಳಿಸೀರಿ?"

"ನಿನಗ ಉಳಿಸಿದ್ರ ಜೀಪಿನ ಟೈರ್ ಒಡೀತೈತಿ, ಹೋಗೋ" ಎಂದು ಅವ್ವ ನಗುತ್ತಾ ಒಳಗೆ ಹೋದಳು. ಆ ಬೆಳಗ್ಗೆ ಅವಳು ನಕ್ಕದ್ದು ಅದೇ ಕಡೆಯ ಸಲ.

ಯಂತ್ರ ಹಚ್ಚಿದಳು. ಪರದೆಯ ಮೇಲೆ ಗೇಟುಗಳ ಸಾಲು ಮೂಡಿತು. ಹಸಿರಾಗಿರಬೇಕಾದ ಗುರುತುಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ಅವಳು ಮುಂದೆ ಬಾಗಿ ಏನನ್ನೋ ಓದಿದಳು. ಮತ್ತೆ ಓದಿದಳು. ಅವಳ ಕತ್ತಿನ ಹಿಂದೆ ಬೆವರು ಒಡೆದದ್ದು ಆ ಚಳಿಯಲ್ಲೂ ನನಗೆ ಕಂಡಿತು.

"ಚಾಚಾ, ನಾ ರದ್ದು ಮಾಡಿದ್ದು ಗೇಟಿಗೆ ಮುಟ್ಟೇ ಇಲ್ಲ. ಮುಟ್ಟೂದ್ರಾಗ ಮಿಷನ್ ಆರಿಸಿಬಿಟ್ಟೇನಿ. ಈಗ ಕಳಸಬೇಕಂದ್ರ ಒಂದೂ ಗೇಟು ಓ ಅನವಲ್ದು. ಇವರು ಕೆಳಗ ಇಳದಾರ."

ಚಾಚಾನ ಕೈಯ ಬೀಗದ ಕೈ ಜಲ್ಲೆಂದಿತು. "ಯಾ ಅಲ್ಲಾ. ಬಾರಿ ಎಷ್ಟೊತ್ತಿಗೈತಿ, ಬೇಟಿ?"

"ಇನ್ನೇನು ಹೊತ್ತಾತು."

ಡ್ರೈವರ್ ಮಾಲೆಯನ್ನು ಅಲ್ಲೇ ಎಸೆದು ಜೀಪು ಹತ್ತಿ ಹೋದ. ಆದರೆ ಕಾಲುವೆಯ ರಸ್ತೆ ಕಿತ್ತು ಹೋಗಿತ್ತು, ಸಾಲದ್ದಕ್ಕೆ ಕಬ್ಬಿನ ಟ್ರಾಲಿಗಳ ಸಾಲು. ಅವನು ಹೊತ್ತಿಗೆ ಸರಿಯಾಗಿ ಮುಟ್ಟಲಾರ ಎಂದು ಎಲ್ಲರಿಗೂ ಗೊತ್ತಿತ್ತು. ಅವ್ವ ಅಪ್ಪನಿಗೆ ಫೋನು ಹಚ್ಚಿದಳು. ಗಂಟೆ ಬಾರಿಸಿತು, ಎತ್ತಲಿಲ್ಲ. ಕಾಲುವೆಗೆ ಇಳಿಯುವಾಗ ಅಂಗಿ, ಫೋನು ಎರಡನ್ನೂ ದಂಡೆಯ ಮೇಲೆ ಇಡುವುದು ಅವರ ರೂಢಿ. ಅವಳು ನನ್ನ ಉಡಿಯ ಕೂಸನ್ನು ಎತ್ತಿ ಚಾಚಾನ ಕೈಗೆ ಕೊಟ್ಟಳು, ಫೋನನ್ನು ನನ್ನ ಕೈಗೆ ತುರುಕಿದಳು.

"ನೀ ಬಿಡದ ಹಚ್ಚತಿರು, ಯವ್ವಾ. ಎತ್ತಿದ್ರ ಮ್ಯಾಲ ಬಾ ಅನ್ನು."

ಮಕ್ಕಳೇ, ನಿಮಗೆ ಇದು ತಿಳಿಯಲಿಕ್ಕಿಲ್ಲ. ನಮ್ಮ ಮನೆತನದಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ನೀವು ಹುಟ್ಟುವ ಮೊದಲು ನಿಮ್ಮ ಅಪ್ಪನಿಗೆ ನಾನು ಏನೇ ಹೇಳಬೇಕಿದ್ದರೂ ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದೆ, ಇಲ್ಲವೆ ಅವ್ವನ ಕಡೆಯಿಂದ ಹೇಳಿಸುತ್ತಿದ್ದೆ. ಕೂಸು ಬಂದ ಮೇಲೂ ಅವರು ಒಳಗೆ ಬಂದರೆ ಸೆರಗು ಎಳೆದುಕೊಳ್ಳುತ್ತಿದ್ದೆ. ಅಂಥವಳು ಅಂದು ಮೇಲಿಂದ ಮೇಲೆ ಆ ಗುಂಡಿ ಒತ್ತಿದೆ. ಗಂಟೆ ಬಾರಿಸುತ್ತಿತ್ತು. ಕಡೆಗೆ ಯಾರೋ ಹೆಣ್ಣುಮಗಳು ನಯವಾಗಿ, ನೀವು ಕರೆ ಮಾಡಿದವರು ಉತ್ತರಿಸುತ್ತಿಲ್ಲ ಎನ್ನುತ್ತಿದ್ದಳು. ಆ ನಯದ ದನಿ ಕೇಳಿದಾಗಲೆಲ್ಲ ಜೋಳದ ಗರಿಗಳ ಸರಸರ ಸದ್ದು ನನ್ನ ಕಿವಿಯಲ್ಲಿ ಏಳುತ್ತಿತ್ತು.

ಅವ್ವ ಕಪ್ಪು ಪರದೆ ತೆರೆದು, ಹಿಂದೆ ಹೇಳಿದ್ದ ಆ ಪಿಂಗ್‌ನಿಂದ ಕೂಗತೊಡಗಿದಳು. ಮೊದಲು ತನ್ನ ಯಂತ್ರವನ್ನೇ ಕೂಗಿದಳು. ಅದು ಓ ಎಂದಿತು. ಗೇಟುಗಳಿಗೆ ಮಾತು ಹೋಗುವುದು ಕಚೇರಿಯ ಮಾಳಿಗೆಯ ಮೇಲಿನ ಕಂಬದ ರೇಡಿಯೊ ಪೆಟ್ಟಿಗೆಯಿಂದ. ಅದನ್ನು ಕೂಗಿದಳು. ಇಲ್ಲ.

"ಗೇಟಿನ ತನಾ ಹೋಗೂದ ಬ್ಯಾಡ. ಮಾಳಗಿ ಮ್ಯಾಲಿಂದ ಓ ಅನವಲ್ದು. ಕೆಟ್ಟಿದ್ದು ಇಲ್ಲೇ ಐತಿ."

ಸರ್ವರಿನ ಬೆನ್ನಿಗೆ ತಂತಿ ಸಿಕ್ಕಿಸುವ ಎರಡು ಬಾಯಿಗಳಿವೆ. ಅವಕ್ಕೆ ಅಡಾಪ್ಟರ್ ಎನ್ನುತ್ತಾರೆ. ಮನೆಗೆ ಬೀದಿ ಬಾಗಿಲು, ಹಿತ್ತಲ ಬಾಗಿಲು ಇದ್ದ ಹಾಗೆ ಒಂದು ಕಚೇರಿಯ ಕಂಪ್ಯೂಟರುಗಳ ಕಡೆಗೆ, ಇನ್ನೊಂದು ಕಂಬದ ಕಡೆಗೆ. ಪ್ರತಿ ಬಾಗಿಲಿಗೂ ಅದರದೇ ಅಂಕಿಯ ವಿಳಾಸ. ಯಂತ್ರ ಆರಿಸಿದಾಗ ಕಂಬದ ಕಡೆಯ ವಿಳಾಸ ಕೆಟ್ಟಿರಬೇಕು ಎಂದುಕೊಂಡು ಅವಳು ಅದನ್ನು ಅಳಿಸಿ, ವಿಳಾಸವನ್ನು ಯಂತ್ರವೇ ಹುಡುಕಿಕೊಳ್ಳಲಿ ಎಂದು ಬಿಟ್ಟಳು. ಮತ್ತೆ ಕೂಗಿದಳು. ಇಲ್ಲ. ಹಿಂದೆ ಹೋಗಿ ಬಾಗಿ ನೋಡಿದಳು. ಎರಡೂ ಬಾಯಿಯ ಮೇಲಿನ ದೀಪ ಹಸಿರು.

"ತಂತಿ ಬರೋಬ್ಬರಿ ಅದಾವು" ಎಂದು ಏಳಲು ಹೋದವಳು ಹಾಗೇ ನಿಂತಳು. "ಚಾಚಾ, ಈ ತಂತಿ ಇಷ್ಟ ಯಾಕ ಹೊಳ್ಯಾಕತ್ತಾವು?"

ಬಾಯಿಗಳ ಸುತ್ತ ವಿಭೂತಿಯ ಬೆರಳಚ್ಚು ಇತ್ತು, ಸಂದಿಯಲ್ಲಿ ಚೆಂಡು ಹೂವಿನ ಎಸಳು ಸಿಕ್ಕಿತ್ತು. ಯಾವ ತಂತಿ ಯಾವ ಬಾಯಿಗೆ ಎಂದು ಅವಳು ಅಂಟಿಸಿದ್ದ ಚೀಟಿಗಳು ಮಾಯವಾಗಿದ್ದವು.

ಚಾಚಾನ ಮುಖ ಇಳಿಯಿತು. "ಪೂಜಾಕ ಬೇಟಿ. ಧೂಳ ಭಾಳ ಇತ್ತು. ಡ್ರೈವರ್ ಬಿಚ್ಚಿದ, ನಾ ಹಸಿ ಅರಬೀಲೆ ಒರಸಿದೆ, ಇಬ್ಬರೂ ಕೂಡಿ ಹಚ್ಚಿದ್ವಿ. ಎರಡೂ ಗಟ್ಟಿ ಕೂತ್ವಲ್ಲ, ಬರೋಬ್ಬರಿ ಆತು ಅಂದ್ವಿ."

ಬೈಯಲು ಹೊತ್ತಿರಲಿಲ್ಲ. ಹಿತ್ತಲಲ್ಲಿ ಇದ್ದವರನ್ನು ಬೀದಿ ಬಾಗಿಲಲ್ಲಿ ನಿಂತು ಕರೆಯುತ್ತಿದ್ದೆವು, ಅಷ್ಟೇ. ಅವಳು ತಂತಿಗಳನ್ನು ಅದಲು ಬದಲು ಮಾಡಿ ಓಡಿಬಂದು ಕೂಗಿದಳು. ಆದರೂ ಇಲ್ಲ. ನಾನು ನೆಲಕ್ಕೆ ಕೂತೆ. ಕೂತಲ್ಲೇ ಗುಂಡಿ ಒತ್ತುತ್ತಿದ್ದೆ.

"ಅಯ್ಯ ನನ್ನ ಬುದ್ಧಿಗಿಷ್ಟು... ವಿಳಾಸ ಅಳಿಸೇನಲ್ಲ ನಾ!" ಎಂದು ಅವಳು ಹಣೆ ಬಡಿದುಕೊಂಡಳು. ಹಳೆಯ ಅಂಕಿಗಳನ್ನು ಬಾಯಲ್ಲಿ ಜಪದ ಹಾಗೆ ಹೇಳಿಕೊಳ್ಳುತ್ತಾ ಒಂದೊಂದೇ ಬೆರಳಿಂದ ಬರೆದಳು. ಒಂದು ಅಂಕಿ ತಪ್ಪಿತು. ಅಳಿಸಿ ಮತ್ತೆ ಬರೆದಳು. ಕೂಗಿದಳು.

ಓ ಬಂತು. ಒಂದರ ಕೆಳಗೊಂದು ಬೆಳ್ಳಗಿನ ಸಾಲುಗಳು ಇಳಿಯತೊಡಗಿದವು. ಗೇಟುಗಳ ಗುರುತು ಒಂದೊಂದಾಗಿ ಹಸಿರಾದವು. ನಿಮ್ಮ ಅಪ್ಪ ಇದ್ದ ಗೇಟು ಮಾತ್ರ ಹಸಿರಾಗಲಿಲ್ಲ, ಹಳದಿಯಾಯಿತು.

"ಏಳಾಕತ್ತೇತಿ" ಎಂದಳು ಅವ್ವ. ಅಷ್ಟು ಸಣ್ಣ ದನಿ ಅವಳದಲ್ಲ.

ಹೊತ್ತು ಮೀರಿತ್ತು. ಅವಳು ಗೇಟು ಇಳಿಸುವ ಅಪ್ಪಣೆ ಒತ್ತಿದಳು. ಹಳದಿ ಹಾಗೇ ನಿಂತಿತ್ತು. ಚಾಚಾ ಕೂಸನ್ನು ಎದೆಗವಚಿ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಬೇಡುತ್ತಿದ್ದರು. ಕೂಸು ಅವರ ಗಡ್ಡ ಹಿಡಿದು ಎಳೆಯುತ್ತಿತ್ತು. ಕಡೆಗೆ ಹಳದಿ ಹೋಗಿ ಹಸಿರು ಬಂತು. ಗೇಟು ಮುಚ್ಚಿತ್ತು.

ಆದರೆ ಒಬ್ಬರೂ ಉಸಿರು ಬಿಡಲಿಲ್ಲ. ಗೇಟು ಓಗೊಟ್ಟಿತ್ತು, ಮನುಷ್ಯ ಓಗೊಟ್ಟಿರಲಿಲ್ಲ. ಅಷ್ಟು ಹೊತ್ತು ಎದ್ದ ಗೇಟಿನ ಕೆಳಗಿಂದ ಎಷ್ಟು ನೀರು ನುಗ್ಗಿತು, ಅದರ ಮುಂದೆ ಮೊಣಕಾಲೂರಿ ಕೂತವರು ಏನಾದರು ಎಂದು ಆ ಪರದೆಗೆ ಹೇಳಲು ಬಾರದು. ಅವ್ವ ನನ್ನ ಕೈಯ ಫೋನನ್ನೇ ನೋಡುತ್ತಿದ್ದಳು. ಕಸಿದುಕೊಳ್ಳಲಿಲ್ಲ. ಕೇಳಬೇಕಾದದ್ದು ತನ್ನ ಕಿವಿಗೆ ಬೀಳುವುದು ಬೇಡ ಎನ್ನುವ ಹಾಗೆ ದೂರವೇ ನಿಂತಿದ್ದಳು. ನಾನು ಒತ್ತಿದೆ. ಗಂಟೆ ಬಾರಿಸಿತು. ಬಾರಿಸಿತು. ನಿಂತಿತು. ಫೋನಿನೊಳಗೆ ನೀರು ತೊಟ್ಟಿಕ್ಕುವ ಸದ್ದು, ಏದುಸಿರು.

ಏನೆಂದು ಕರೆಯಲಿ? ಹೆಸರು ಹಿಡಿಯುವ ಹಾಗಿಲ್ಲ, ಎಂದೂ ನೇರ ಕರೆದವಳಲ್ಲ. ನಾಲಿಗೆಯ ಮೇಲೆ ಇದ್ದದ್ದು ಒಂದೇ ಅಕ್ಷರ.

"ಓ..." ಎಂದೆ, ಹೊಲದಲ್ಲಿ ಕೂಗಿದ ಹಾಗೆ.

ಆ ಕಡೆ ಒಂದು ಚಣ ಸುಮ್ಮನಿತ್ತು. "ಓ... ಅತ್ತಿ? ನೀವೇನ್ರಿ? ಯಾಕ, ಕೂಸು ಅರಾಮ ಐತಿಲ್ಲ?"

ಆಗ ನನಗೆ ಎಲ್ಲಿಂದ ಮಾತು ಬಂದವೋ ತಿಳಿಯದು. "ಕೂಸು ಅರಾಮ ಐತಿ. ನೀವು ಆ ಗೇಟಿನ ಹತ್ತಿರ ಹೋಗಬ್ಯಾಡ್ರಿ. ದಂಡಿ ಮ್ಯಾಲ ಕೂಡ್ರಿ. ಜೀಪು ಬರಾಕತ್ತೈತಿ. ಕೂಡ್ರಿ ಅಂದ್ನಿಲ್ಲ!" ಎಂದು ಅಳಿಯನ ಮೇಲೆ ಚೀರಿದೆ. ಅವ್ವ ಗೋಡೆಗೆ ಒರಗಿ ಜಾರಿ ಕೂತು ಬಾಯಿಗೆ ಸೆರಗು ಒತ್ತಿಕೊಂಡಳು.

ನುಗ್ಗಿದ ನೀರು ನಿಮ್ಮ ಅಪ್ಪನನ್ನು ಕಾಲು ಕಿತ್ತು ಕೆಡವಿತ್ತು. ಕಾಲುವೆಯ ಗೋಡೆಗೆ ಹೂತ ಕಬ್ಬಿಣದ ಮೆಟ್ಟಿಲು ಕೈಗೆ ಸಿಕ್ಕಿತು. ಅದನ್ನು ತಬ್ಬಿಕೊಂಡು ನಿಂತಿದ್ದರು. ನೀರು ಇಳಿದ ಮೇಲೆ ಏರಿ ಬಂದರೆ ಅಂಗಿಯೊಳಗೆ ಫೋನು ಕೂಗುತ್ತಿತ್ತು. ಡ್ರೈವರ್ ಅವರನ್ನು ಕರೆತಂದಾಗ ಮೊಣಕೈ ಸುಲಿದಿತ್ತು, ಒಂದು ಕಾಲು ಕುಂಟುತ್ತಿತ್ತು. ಡ್ರೈವರೇ ಹೆಚ್ಚು ಅಳುತ್ತಿದ್ದ.

"ಪೂಜಿ ಮಾಡಿ ನನ್ನ ಬಲಿ ಕೊಡವರಿದ್ರಿ ಇಬ್ಬರೂ" ಎಂದು ಅಪ್ಪ ನಕ್ಕರು.

"ನನ್ನ ಹೊಡೀರಿ ಅಣ್ಣಾರ, ನಗಬ್ಯಾಡ್ರಿ" ಎಂದ ಅವನು.

ಯಾರೂ ಹೊಡೆಯಲಿಲ್ಲ. ಈಗಲೂ ಖಂಡೆ ಪೂಜೆ ಮಾಡುತ್ತಾರೆ, ಆದರೆ ವಿಭೂತಿ ಪೆಟ್ಟಿಗೆಯ ಮುಖಕ್ಕೆ ಮಾತ್ರ, ಬೆನ್ನ ಕಡೆ ಯಾರ ಕೈಯೂ ಹೋಗುವುದಿಲ್ಲ. ಗೇಟು ಸ್ವತಃ ಒಪ್ಪಿದ್ದನ್ನು ಕಣ್ಣಾರೆ ನೋಡುವ ತನಕ ಅವ್ವ "ಬಂದ್ ಮಾಡೇನಿ" ಎಂಬ ಮಾತು ಬಾಯಿಂದ ಹೊರಡಿಸುವುದಿಲ್ಲ.

ನಿಮ್ಮ ಅಪ್ಪ ಇವತ್ತಿಗೂ ಕಾಲುವೆಗೆ ಇಳಿಯುತ್ತಾರೆ. ಇಳಿಯುವ ಮೊದಲು, ಏರಿದ ಮೇಲೆ, ಫೋನು ಬರುವುದು ಅವ್ವನಿಗಲ್ಲ, ನನಗೆ. ಅವರು ಓ ಎನ್ನುತ್ತಾರೆ, ನಾನು ಓ ಎನ್ನುತ್ತೇನೆ, ಇಡುತ್ತೇವೆ. ಅದಕ್ಕಿಂತ ಹೆಚ್ಚು ಮಾತು ನಮಗಿನ್ನೂ ಬಾರದು. ಎರಡನೆಯ ಫೋನು ಬರುವ ತನಕ ನಾನು ಒಲೆಯ ಮುಂದೆ ಕೂತಿದ್ದರೂ ರೊಟ್ಟಿ ಸೀಯುವುದು ನನಗೆ ತಿಳಿಯುವುದಿಲ್ಲ. ಅಂಥ ಹೊತ್ತಿನಲ್ಲೇ ನೀವು ಬಾಗಿಲ ಹಿಂದೆ ಅಡಗಿರುತ್ತೀರಿ.