ಫೋನು ಡಬ್ಬಿಗೆ ಹಾಕಿ ಒಳಗೆ ಬನ್ನಿ

ಹರಿಹರದ ಶೆಡ್ಡುಗಳ ಸಾಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆಂಚವೀರಪ್ಪನವರ ಲೇತ್ ಶೆಡ್ಡಿನ ಬಾಗಿಲಲ್ಲಿ ಚೌಡೇಶ್ವರಿ ಮಂಡಕ್ಕಿ ತುಂಬಿಡುವ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಾರೆ. ಕೆಲಸಕ್ಕೆ ಬಂದವರೆಲ್ಲ ಅದರಲ್ಲಿ ಫೋನು ಹಾಕಿಯೇ ಒಳಗೆ ಹೋಗಬೇಕು.

"ಚೌಡಕ್ಕ, ಹೆಂಡ್ತಿ ಫೋನ್ ಮಾಡಿದ್ರೆ?" ಎಂದು ಒಬ್ಬ ಗೊಣಗುತ್ತಾನೆ.

"ನಾನಾ ಮಾತಾಡ್ತೀನಿ. ನೀ ಒಳಗೆ ನಡಿ."

ಈ ಶೆಡ್ಡು ಸೇನೆಯ ವಾಹನಗಳಿಗೆ ಪಿನ್ನು, ಬುಷ್ಷಿನಂಥ ಬಿಡಿಭಾಗ ಮಾಡುತ್ತದೆ. ಅವುಗಳ ಅಳತೆಯ ಡ್ರಾಯಿಂಗುಗಳು ಹೊರಗೆ ಸೋರದಂತೆ ಕಾವಲಿದೆ ಎಂಬ ಸೈಬರ್ ಭದ್ರತೆಯ ಸರ್ಟಿಫಿಕೇಟ್ ಇಲ್ಲದಿದ್ದರೆ ಮುಂದಿನ ಆರ್ಡರ್ ಇಲ್ಲವೆಂದು ಕೆಲಸ ಕೊಡುವ ಕಂಪನಿ ಪಟ್ಟು ಹಿಡಿದಿದೆ. ತಪಾಸಣೆ ಸೋಮವಾರ. ಆನಗೋಡಿನ ರೈತರ ಮಗಳು ಚೌಡೇಶ್ವರಿ ಇಲ್ಲಿಗೆ ಬಂದದ್ದು ಬಿಲ್ ಟೈಪ್ ಮಾಡಲು. "ನಿಂಗ ಇಂಗ್ಲಿಷ್ ಬರ್ತೈತಲ್ಲವ್ವ, ನೀನಾ ನೋಡ್ಕ" ಎಂದು ಯಜಮಾನರು ನಿಯಮಗಳ ಕಟ್ಟನ್ನು ಇವರ ಮೇಜಿಗೆ ದಾಟಿಸಿ ಕೈತೊಳೆದುಕೊಂಡರು. ಆಗ ಇಲ್ಲಿ ಎಲ್ಲರದೂ ಒಂದೇ ಪಾಸ್‌ವರ್ಡ್, ಯಜಮಾನರ ಮನೆದೇವರ ಹೆಸರು. ಮರೆಯಬಾರದೆಂದು ಗೋಡೆಯ ಮೇಲೂ ಬರೆದಿತ್ತು. ಅದನ್ನು ಅಳಿಸಿದ್ದಕ್ಕೆ ಅವರು ಮುಖ ಊದಿಸಿಕೊಂಡು ಓಡಾಡಿದರಂತೆ.

ಅದೆಲ್ಲ ಸುಲಭದ ಜಗಳ. ನಿದ್ದೆಗೆಡಿಸಿದ್ದು ಪಕ್ಕದ ಶೆಡ್ಡಿನ ಮುದಸ್ಸಿರ್ ಅವರ ವಿಷಯ. ಈ ಸಾಲಿನಲ್ಲಿ ಒಬ್ಬರ ಕೆಲಸ ಇನ್ನೊಬ್ಬರ ಮಷೀನಿನಲ್ಲಿ ಮುಗಿಯುವುದು ವಾಡಿಕೆ. ಗ್ರೈಂಡಿಂಗ್ ಮಷೀನು ಅವರಲ್ಲಿದೆ, ಡ್ರಾಯಿಂಗು ವಾಟ್ಸ್ಆ್ಯಪಿನಲ್ಲಿ ಅವರ ಫೋನಿಗೆ ಹೋಗುತ್ತಿತ್ತು. ಇನ್ನು ಹಾಗೆ ಕಳಿಸುವಂತಿಲ್ಲ, ಅವರ ಶೆಡ್ಡಿಗೂ ಇದೇ ಕಾವಲು ಬೇಕು. ಚೌಡೇಶ್ವರಿಗೆ ಡ್ರಾಯಿಂಗು ಓದಲು ಕಲಿಸಿದವರೇ ಅವರು. ಹೇಳಲು ಹೋದಾಗ ಚಹಾದ ಲೋಟ ಕೆಳಗಿಟ್ಟು, "ನಾನೇನು ಕಳ್ಳ ಏನವ್ವ?" ಎಂದರು. ಅಂದಿನಿಂದ ಈ ಕಡೆ ಚಹಾಕ್ಕೆ ಬಂದಿಲ್ಲ.

"ದಿನಾ ಹೋಗಿ ಹೇಳ್ತೀನ್ರಿ" ಎನ್ನುತ್ತಾರೆ ಚೌಡೇಶ್ವರಿ. "ನನ್ ಮಾತು ಕೇಳಬಾರ್ದು ಅಂತ ಮಷೀನ್ ಚಾಲೂ ಮಾಡ್ತಾರೆ. ಒಪ್ಪದಿದ್ರೆ ಅವ್ರ ಕೆಲ್ಸ ಬ್ಯಾರೆಯವ್ರ ಪಾಲಾಗ್ತೈತೆ. ಅದನ್ನ ಕಂಪನಿಗೆ ನಾನಾ ಬರ್ದು ಕೊಡ್ಬೇಕು, ಇವತ್ತಾ."

ಇವತ್ತು ಶನಿವಾರ. ಮಾತಾಡುತ್ತಲೇ ಅವರ ಕಣ್ಣು ಪಕ್ಕದ ಶಟರಿನ ಮೇಲಿದೆ. ಬೀಗ ಹಾಕಿದ ಮೇಜಿನ ಡ್ರಾಯರನ್ನು ಮತ್ತೆ ಎಳೆದು ನೋಡುತ್ತಾರೆ, ಕೂರುತ್ತಾರೆ, ಏಳುತ್ತಾರೆ. ಕೊನೆಗೆ ಶಟರ್ ಏಳುವ ಸದ್ದು. ಚೌಡೇಶ್ವರಿ ಬಿರಬಿರನೆ ಹೋಗಿ ಇನ್ನೇನು ಒಳಗೆ ಕಾಲಿಡಬೇಕು, ಮುದಸ್ಸಿರ್ ಕೈ ಅಡ್ಡ ಹಿಡಿಯುತ್ತಾರೆ. ಇನ್ನೊಂದು ಕೈಯಲ್ಲಿ ಹೊಸ ಸ್ಟೀಲ್ ಡಬ್ಬಿ.

"ಫೋನ್ ಇದ್ರಾಗ ಹಾಕವ್ವ. ಅಲ್ಲಿ ಬುಕ್ಕಿನಾಗ ಹೆಸ್ರು ಬರಿ. ಆಮ್ಯಾಲ ಒಳಗೆ ಬಾ, ಚಾ ಐತೆ."

ಚೌಡೇಶ್ವರಿ ಫೋನು ಹಾಕಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ಸೋಮವಾರ ಏನಾಗ್ತೈತೋ ಗೊತ್ತಿಲ್ರಿ" ಎನ್ನುತ್ತಾರೆ ಹೆಸರು ಬರೆಯುತ್ತಾ. "ನನ್ ಗುರು ನನ್ನಾ ಬಾಗ್ಲಾಗ ನಿಲ್ಸಿದ್ರು ನೋಡ್ರಿ. ನಾ ಪಾಸಾದೆ."